ಟಿಮರಿ ಮೂರು ಬುಗ್ಗಲು ಗೊಣಸಿತು: ಒಬ್ಬ ಹುಡುಗಿಯ ಇಂಗ್ಲಿಷ್ ಓದಿನ ಪ್ರಕರಣ

ಒಂಬತ್ತನೇ ಕ್ಲಾಸಿನ ಒಂದು ಕಿರುಪರೀಕ್ಷೆಯಲ್ಲಿ ಈ ಹುಡುಗಿಗೆ ಗ್ರಾಮರಿನಲ್ಲಿ 10ಕ್ಕೆ 9 ಬಂದಿತ್ತು. ಅದೇ ಪೇಪರಿನ, ಓದಿ ಉತ್ತರಿಸುವ ಪ್ಯಾಸೇಜಿನಲ್ಲಿ 4ಕ್ಕೆ 4. ನಾನು ‘ಗುಡ್’ ಅಂತ ಬರೆದು ಸಹಿ ಹಾಕಿ ಕೊಟ್ಟಿದ್ದೆ. ಮಾರನೇ ದಿನ ವರಾಂಡದಲ್ಲಿ ಸಿಕ್ಕಾಗ ಸುಮ್ನೆ ಕೇಳಿದೆ. “ನಿನ್ನೆಯ ಪ್ಯಾಸೇಜ್ ಯಾವುದರ ಬಗ್ಗೆ ಇತ್ತು?”

ಅವಳು ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. “ಗೊತ್ತಿಲ್ಲ ಟೀಚರ್” ಅಂದಳು.

ಹೆದರಿಕೆಯಿಂದ ಬಂದ ಮಾತಲ್ಲ ಅದು. ನಿಜವಾಗಿಯೂ ಗೊತ್ತಿರಲಿಲ್ಲ. ನಾಲ್ಕಕ್ಕೆ ನಾಲ್ಕು ತೆಗೆದವಳಿಗೆ ತಾನು ಏನು ಓದಿದೆ ಅನ್ನುವುದೇ ಗೊತ್ತಿಲ್ಲ. ಇದು ನನಗೆ ಅರ್ಥವಾಗಲು ಸುಮಾರು ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ನಾನು ಮಾಡಿದ ತಪ್ಪುಗಳೂ ಈ ಬರಹದಲ್ಲಿವೆ.

ಹುಡುಗಿಯನ್ನು ಇಲ್ಲಿ ಮಲ್ಲಿ ಅಂತ ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಊರು, ತೋಟ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವ ಮುಂಚೆ ಅವಳನ್ನೂ ಅವಳ ಅಮ್ಮನನ್ನೂ ಕೇಳಿದ್ದೇನೆ.

ಹಿನ್ನೆಲೆ

ನಮ್ಮದು ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಿನ ಒಂದು ಕನ್ನಡ ಮಾಧ್ಯಮದ ಪ್ರೌಢಶಾಲೆ. ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಮಲಯಾಳಂ, ತಮಿಳು, ತುಳು, ಯರವ ಮಾತು ಎಲ್ಲ ಸಿಗುತ್ತವೆ. ಇಂಗ್ಲಿಷ್ ಮಾತ್ರ ಯಾರ ಮನೆಯದೂ ಅಲ್ಲ. ಮಲ್ಲಿಯ ಅಪ್ಪ ಅಮ್ಮ ಪಿರಿಯಾಪಟ್ಟಣದ ಕಡೆಯಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ, ಉಳಿದವರು. ಮನೆಯಲ್ಲಿ ಕನ್ನಡವೇ. ಅವಳ ಕನ್ನಡ ಓದು ಚೆನ್ನಾಗಿತ್ತು. ತೋಟದ ರೈಟರ್ (ಲೆಕ್ಕ ಬರೆಯುವವರು) ಓದಿ ಬಿಟ್ಟ ಹಳೇ ಪೇಪರ್ ಮನೆಗೆ ಬರುತ್ತಿತ್ತು. ಅದನ್ನು ಕೊನೆಯ ಪುಟದವರೆಗೂ ಓದುವವಳು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಸ್‌ಎಸ್‌ಎಲ್‌ಸಿಯಲ್ಲಿ ಈ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಒಟ್ಟು 100 ಅಂಕ. 80 ಬರೆಯುವ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ, ಮೊದಲು ನೋಡಿರದ ಹೊಸ ಪ್ಯಾಸೇಜಿಗೆ ಇರುವುದು 4 ಅಂಕ ಅಷ್ಟೇ. ಹಾಗಾಗಿ ಸ್ಟಾಫ್ ರೂಮಿನಲ್ಲಿ ಒಂದು ಮಾತಿದೆ. ನಾಲ್ಕು ಅಂಕಕ್ಕೆ ಯಾಕೆ ಒದ್ದಾಟ, ಪದ್ಯ ಬಾಯಿಪಾಠ ಮಾಡಿಸಿ, ಪತ್ರದ ಫಾರ್ಮ್ಯಾಟ್ ಕಲಿಸಿ, ಪಾಸಿಂಗ್ ಪ್ಯಾಕೇಜ್ ಮುಗಿಸಿ. ನಾನೂ ಹಾಗೇ ಮಾಡಿಕೊಂಡು ಬಂದವಳು. ಆದರೆ ಪ್ರಶ್ನೆಪತ್ರಿಕೆ ಪೂರ್ತಿ ಇಂಗ್ಲಿಷಿನಲ್ಲೇ ಇರುತ್ತದೆ, ಅಲ್ವಾ? ಪ್ರಶ್ನೆಯೇ ತಲೆಗೆ ಹತ್ತದೆ, ಗೊತ್ತಿದ್ದ ಉತ್ತರವನ್ನೂ ಬಿಟ್ಟು ಬರುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇವೆ. ಓದಿನ ಲೆಕ್ಕ ನಾಲ್ಕು ಅಂಕಕ್ಕೆ ಮುಗಿಯುವುದಿಲ್ಲ.

ಮೊದಲ ಎರಡು ಪ್ರಯತ್ನ

ಮೊದಲನೆಯದು ಗ್ರಾಮರ್ ವರ್ಕ್‌ಬುಕ್. ಗ್ರಾಮರ್ ಗಟ್ಟಿಯಾದರೆ ಓದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. 2023ರ ಜುಲೈನಿಂದ ನಾಲ್ಕು ತಿಂಗಳು ದಿನಕ್ಕೆ ಒಂದು ಪುಟ. ಬಿಟ್ಟ ಸ್ಥಳ ತುಂಬು, ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ಮಾಡು, ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡು. ಮಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ವರಾಂಡದ ಮಾತುಕತೆ ನಡೆದದ್ದು ಇದರ ನಡುವೆಯೇ. ಆದರೂ ನಾನು ದಾರಿ ಬದಲಿಸಲಿಲ್ಲ. ಅಂಕ ಬರುತ್ತಿತ್ತಲ್ಲ!

ಪೆಟ್ಟು ಬಿದ್ದದ್ದು ವಾರ್ಷಿಕ ಪರೀಕ್ಷೆಯಲ್ಲಿ. 100ಕ್ಕೆ 43. ಪ್ಯಾಸೇಜಿನ ಪ್ರಶ್ನೆಗಳು ಆ ಸಲ ‘ಏಕೆ’, ‘ಹೇಗೆ ಗೊತ್ತಾಯಿತು’ ಅನ್ನುವ ಥರದವು. ಸಂಬಂಧವೇ ಇಲ್ಲದ ಎರಡು ಸಾಲನ್ನು ಹಾಗ್‌ಹಾಗೇ ಇಳಿಸಿದ್ದಳು.

ಎರಡನೆಯದು ಅನುವಾದ. 2024ರ ಜೂನ್, ಹತ್ತನೇ ಕ್ಲಾಸು. ಅರ್ಥವಾಗುತ್ತಿಲ್ಲ ಅಂದರೆ ಪದಗಳ ಅರ್ಥ ಗೊತ್ತಿಲ್ಲ ಅಂತ ತೀರ್ಮಾನಿಸಿ, ಒಂದು ಡಿಕ್ಷನರಿ ಕೊಟ್ಟೆ. ಪ್ರತಿ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆಯಲು ಹೇಳಿದೆ. ಒಂದು ಪ್ಯಾರಾಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ‘ಹಿ ಲೆಫ್ಟ್ ದಿ ಎಸ್ಟೇಟ್’ (ಅವನು ತೋಟ ಬಿಟ್ಟು ಹೋದ) ಅನ್ನುವ ಸಾಲಿನ ಮೇಲೆ ಅವಳು ಅಂದವಾಗಿ ಬರೆದದ್ದು: ‘ಅವನು ಎಡ ತೋಟ.’ ಹೊಳೆಯ ದಂಡೆಗೆ ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಅನ್ನುತ್ತಾರಲ್ಲ, ಅಲ್ಲಿ ಒಬ್ಬ ಮೀನುಗಾರ ದುಡ್ಡಿನ ಬ್ಯಾಂಕಿನ ಮೇಲೆ ಕೂತಿದ್ದ. ಅವಳಿಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ಕನ್ನಡ ಪೇಪರಿನಲ್ಲಿ ಹೀಗೊಂದು ಸಾಲು ಬಂದಿದ್ದರೆ ಬಿದ್ದು ಬಿದ್ದು ನಗುವ ಹುಡುಗಿ. ಇಂಗ್ಲಿಷ್ ಅಂದರೆ ಅರ್ಥ ಇರಲೇಬೇಕು ಅಂತೇನಿಲ್ಲ ಅಂತ ಅವಳು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದಳು. ಆ ಹೊತ್ತಿಗೆ ಇದು ನನಗೆ ಹೊಳೆಯಲಿಲ್ಲ. ಡಿಕ್ಷನರಿ ಸಣ್ಣದಾಯಿತೇನೋ ಅಂದುಕೊಂಡೆ.

ಮದ್ದು ಸೊಪ್ಪಿನ ಪ್ಯಾಸೇಜ್

ಆ ಜುಲೈನಲ್ಲಿ ಮಳೆ ಜೋರು. ದಿನ ಬಿಟ್ಟು ದಿನ ರಜೆ, ಕರೆಂಟ್ ಇಲ್ಲ, ತೋಟದ ದಾರಿಯಲ್ಲಿ ಮರ. ಮನೆಯಲ್ಲಿ ಕೂತು ನಾನೇ ಪ್ಯಾಸೇಜ್ ಬರೆಯಲು ಶುರು ಮಾಡಿದೆ. ನೂರು ನೂರಿಪ್ಪತ್ತು ಪದ, ಮಕ್ಕಳಿಗೆ ಗೊತ್ತಿರುವ ವಿಷಯ. ಮೊದಲು ಬರೆದದ್ದು ಕೊಡವರ ಕಕ್ಕಡ ತಿಂಗಳ 18ನೇ ದಿನ ತಿನ್ನುವ ಮದ್ದು ಸೊಪ್ಪಿನ ಮೇಲೆ. ಆಗಸ್ಟ್ 3ರಂದು ಬರುವ ದಿನ ಅದು. ಸೊಪ್ಪನ್ನು ಕುದಿಸಿದ ನೀರು ಕಡು ನೇರಳೆಯಾಗುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ ಅನ್ನುವುದು ಇಲ್ಲಿನ ಪ್ರತಿ ಮಗುವಿಗೂ ಗೊತ್ತು, ಪ್ರತಿ ವರ್ಷ ಅದೇ ನಗು.

ಎಲ್ಲರೂ ಹೇಳುವ ಸಲಹೆ ಇದು: ಗೊತ್ತಿರುವ ವಿಷಯ ಕೊಡಿ, ಓದು ಸುಲಭವಾಗುತ್ತದೆ. ಸುಲಭವಾಯಿತು, ಹೌದು. ಆದರೆ ನಾನು ಪ್ಯಾಸೇಜಿನಲ್ಲಿ ಸಣ್ಣದೊಂದು ತಿರುವು ಇಟ್ಟಿದ್ದೆ. ಆ ಕಥೆಯ ಅಜ್ಜಿಗೆ ಮಳೆಯಿಂದ ಸೊಪ್ಪು ತರಲು ಆಗುವುದಿಲ್ಲ. ಮೊಮ್ಮಗ ಸಂಜೆ ತರುತ್ತಾನೆ. ಮನೆಯವರು ಪಾಯಸ ತಿನ್ನುವುದು ರಾತ್ರಿ ಒಂಬತ್ತಕ್ಕೆ. ‘ಅವರು ಪಾಯಸ ತಿಂದದ್ದು ಯಾವಾಗ?’ ಅಂತ ಪ್ರಶ್ನೆ. ಮಲ್ಲಿ ಬರೆದ ಉತ್ತರ: ಬೆಳಿಗ್ಗೆ. ‘ಸೊಪ್ಪು ತಂದವರು ಯಾರು?’ ಅಜ್ಜಿ. ‘ಅಜ್ಜಿ ಏಕೆ ಚಿಂತೆಯಲ್ಲಿದ್ದರು?’ ಮದ್ದು ಸೊಪ್ಪು ಆರೋಗ್ಯಕ್ಕೆ ಒಳ್ಳೆಯದು.

ಅವಳು ನನ್ನ ಪ್ಯಾಸೇಜನ್ನು ಓದಿರಲಿಲ್ಲ. ತನ್ನ ಊರನ್ನು ಓದಿದ್ದಳು. ತಿರುವು ಇಡದೆ ಹೋಗಿದ್ದರೆ ಆವತ್ತೂ 4ಕ್ಕೆ 4 ಕೊಟ್ಟು ಕಳಿಸುತ್ತಿದ್ದೆ. ಪರಿಚಿತ ವಿಷಯ ಮಗುವಿಗೆ ಧೈರ್ಯ ಕೊಡುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಗು ಓದುತ್ತಿದೆಯೋ ಇಲ್ಲವೋ ಅನ್ನುವುದನ್ನು ಅದು ಮುಚ್ಚಿಬಿಡುತ್ತದೆ.

ಟಿಮರಿ

ಸಿಟ್ಟು ಬಂದಿತ್ತು, ನನ್ನ ಮೇಲೆಯೇ. ಪ್ರಶ್ನೆ ಕೇಳುವ ಬದಲು ಅವಳ ಪಕ್ಕ ಕೂತು, ಅವಳು ಹೇಗೆ ಓದುತ್ತಾಳೆ ಅಂತ ನೋಡೋಣ ಅನ್ನಿಸಿತು. ಒಂದು ಹೊಸ ಪ್ಯಾಸೇಜ್ ಕೊಟ್ಟೆ. “ಏನು ಮಾಡ್ತೀಯೋ ಅದನ್ನ ಬಾಯಿಬಿಟ್ಟು ಹೇಳ್ತಾ ಮಾಡು” ಅಂದೆ. ಅವಳು ನೇರ ಪ್ರಶ್ನೆಗೆ ಹೋದಳು. ಪ್ರಶ್ನೆಯಲ್ಲಿದ್ದ ಒಂದು ದಪ್ಪ ಪದಕ್ಕೆ ಬೆರಳಿಟ್ಟಳು. ಅದೇ ಪದವನ್ನು ಪ್ಯಾಸೇಜಿನಲ್ಲಿ ಹುಡುಕಿದಳು. ಸಿಕ್ಕಿತು. ಆ ಸಾಲನ್ನು ದೊಡ್ಡಕ್ಷರದಿಂದ ಫುಲ್‌ಸ್ಟಾಪಿನವರೆಗೆ ಬರೆದಳು. ಮುಗಿಯಿತು. ನಲವತ್ತು ಸೆಕೆಂಡ್.

“ಇದನ್ನ ಯಾರು ಹೇಳಿಕೊಟ್ಟಿದ್ದು?”

“ನೀವೇ ಟೀಚರ್. ಎಂಟನೇ ಕ್ಲಾಸಲ್ಲಿ.”

ನಿಜ. ಹಿಂದುಳಿದ ಮಕ್ಕಳು ಪಾಸಾಗಲಿ ಅಂತ ಪ್ರತಿ ವರ್ಷ ಹೇಳಿಕೊಡುವ ಉಪಾಯ ಅದು. ನಾನೇ ಬೋರ್ಡಿನ ಮೇಲೆ ಬರೆದು ತೋರಿಸಿದ್ದೆ.

ಅವತ್ತು ರಾತ್ರಿ ಒಂದು ಆಟ ಹೊಳೆಯಿತು. ಮಾರನೇ ದಿನ, ಕೆಲವು ಪದಗಳನ್ನು ನಾನೇ ಹುಟ್ಟಿಸಿ ಒಂದು ಕನ್ನಡ ಪ್ಯಾಸೇಜ್ ಬರೆದುಕೊಟ್ಟೆ:

‘ನಿನ್ನೆ ಸಂಜೆ ಒಂದು ಟಿಮರಿ ಕೆರೆಯ ಬಳಿ ಮೂರು ಬುಗ್ಗಲುಗಳನ್ನು ಗೊಣಸಿತು. ಬುಗ್ಗಲುಗಳು ಲಪ್ಪಗಿದ್ದುದರಿಂದ ಟಿಮರಿಗೆ ಜಾಸ್ತಿ ಹೊತ್ತು ಹಿಡಿಯಲಿಲ್ಲ.’

ಟಿಮರಿ ಎಷ್ಟು ಬುಗ್ಗಲು ಗೊಣಸಿತು? ಮೂರು. ಎಲ್ಲಿ? ಕೆರೆಯ ಬಳಿ. ಏಕೆ ಜಾಸ್ತಿ ಹೊತ್ತು ಹಿಡಿಯಲಿಲ್ಲ? ಬುಗ್ಗಲುಗಳು ಲಪ್ಪಗಿದ್ದುದರಿಂದ. ಮೂರಕ್ಕೆ ಮೂರು. ಆಮೇಲೆ ನಾಲ್ಕನೇ ಪ್ರಶ್ನೆ ಕೇಳಿದೆ. “ಟಿಮರಿ ಮಾಡಿದ್ದು ಒಳ್ಳೇದೋ ಕೆಟ್ಟದ್ದೋ?”

ಅವಳು ಬಾಯಿ ತೆರೆದಳು, ಮುಚ್ಚಿದಳು. ಪಕ್ಕದಲ್ಲಿದ್ದ ಹುಡುಗಿ ಕಿಸಕ್ಕನೆ ನಕ್ಕಳು. ಮಲ್ಲಿಗೆ ನಗು ಬರಲು ಸ್ವಲ್ಪ ಹೊತ್ತಾಯಿತು. “ಟೀಚರ್, ಟಿಮರಿ ಅಂದ್ರೆ ಏನೂಂತಾನೇ ಗೊತ್ತಿಲ್ಲ. ಆದ್ರೂ ಎಲ್ಲಾ ರೈಟ್ ಆಯ್ತಲ್ಲ!” ಒಂದು ನಿಮಿಷ ಸುಮ್ಮನಿದ್ದು, ತಾನಾಗಿ ಹೇಳಿದಳು. “ಇಂಗ್ಲಿಷಲ್ಲಿ ನಾನು ಇದನ್ನೇ ಮಾಡ್ತಿರೋದು.”

ಈ ಪ್ರಕರಣದಲ್ಲಿ ದಾರಿ ತಿರುಗಿದ್ದು ಇಲ್ಲಿ. ತೊಂದರೆ ಏನು ಅಂತ ನಾನು ಹೇಳಲಿಲ್ಲ. ಅವಳಿಗೇ ಕಂಡಿತು. ಅಲ್ಲಿಂದ ಮುಂದೆ ‘ಇದು ಟಿಮರಿ’ ಅನ್ನುವುದು ನಮ್ಮಿಬ್ಬರ ಗುಟ್ಟಿನ ಮಾತಾಯಿತು. ಸಾಲು ಅರ್ಥವಾಗದೆ ಉತ್ತರ ಸಿಕ್ಕಿದರೆ ಅವಳೇ ಅಂಚಿನಲ್ಲಿ ‘ಟಿ’ ಅಂತ ಬರೆಯುತ್ತಿದ್ದಳು.

‘ಅವರು’ ಯಾರು?

ಹೊಸ ಪದ್ಧತಿ ಸರಳವಾಗಿತ್ತು. ವಾರಕ್ಕೆ ಮೂರು ದಿನ, ಮಧ್ಯಾಹ್ನದ ಊಟದ ನಂತರ ಇಪ್ಪತ್ತು ನಿಮಿಷ. ಒಂದು ಪ್ಯಾಸೇಜನ್ನು ಎರಡು ಸಲ ಪೂರ್ತಿ ಓದಬೇಕು. ಪ್ರಶ್ನೆ ನೋಡುವಂತಿಲ್ಲ. ಮಡಚಿಟ್ಟು ಏನಾಯಿತು ಅಂತ ಕನ್ನಡದಲ್ಲಿ ಹೇಳಬೇಕು. ಅನುವಾದವಲ್ಲ. ಅಮ್ಮನಿಗೆ ಸುದ್ದಿ ಹೇಳುವ ಹಾಗೆ.

ಮೊದಲ ವಾರವೇ ಒಂದು ವಿಚಿತ್ರ ಎದುರಾಯಿತು. ಪ್ಯಾಸೇಜಿನಲ್ಲಿ ಇದ್ದದ್ದು ಇಷ್ಟು: ‘ದಿ ಓಲ್ಡ್ ಮ್ಯಾನ್ ಕಾಲ್ಡ್ ದಿ ಬಾಯ್ಸ್. ದೇ ಡಿಡ್ ನಾಟ್ ಹಿಯರ್ ಹಿಮ್. ಹಿ ವಾಸ್ ಟೈರ್ಡ್.’ ಮುದುಕ ಹುಡುಗರನ್ನು ಕರೆದ, ಹುಡುಗರಿಗೆ ಕೇಳಿಸಲಿಲ್ಲ, ಮುದುಕನಿಗೆ ಸುಸ್ತಾಗಿತ್ತು. ಮಲ್ಲಿ ಹೇಳಿದ ಸುದ್ದಿ ಬೇರೆ. “ಅಜ್ಜ ಕರೆದ್ರು. ಹುಡುಗ ಏನೋ ಹೇಳಿದ, ಅಜ್ಜನಿಗೆ ಕೇಳಿಸ್ಲಿಲ್ಲ, ಕಿವುಡು ಅನ್ಸುತ್ತೆ. ಆ ಹುಡುಗನಿಗೆ ಸುಸ್ತಾಗಿತ್ತು.”

ತಪ್ಪು ಕಥೆ. ಆದರೆ ಎಷ್ಟು ಸರಿಯಾಗಿ ಜೋಡಿಸಿದ್ದಾಳೆ ನೋಡಿ! ‘ದೇ’ ಅಂದರೆ ‘ಅವರು’. ‘ಅವರು’ ಅಂದರೆ ದೊಡ್ಡವರು. ದೊಡ್ಡವರು ಅಂದರೆ ಅಜ್ಜ. ‘ಹಿ’ ಅಂದರೆ ‘ಅವನು’. ಅಜ್ಜನನ್ನು ‘ಅವನು’ ಅಂತ ಯಾರು ಅನ್ನುತ್ತಾರೆ? ಹಾಗಾಗಿ ಅದು ಹುಡುಗ. ಕನ್ನಡದ ಮರ್ಯಾದೆ ಇಂಗ್ಲಿಷಿನ ಏಕವಚನ ಬಹುವಚನದ ಮೇಲೆ ಹೋಗಿ ಕೂತಿತ್ತು.

ನಮ್ಮ ಮಕ್ಕಳು ಪ್ರಬಂಧದಲ್ಲಿ ‘ಮೈ ಗ್ರ್ಯಾಂಡ್‌ಫಾದರ್ ಕೇಮ್, ದೇ ಸ್ಯಾಟ್ ಆನ್ ದಿ ಚೇರ್’ ಅಂತ ಬರೆಯುವುದನ್ನು ವರ್ಷಗಟ್ಟಲೆ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದೇನೆ. ಅದು ಬರವಣಿಗೆಯ ತಪ್ಪು ಅಂತ ಮಾತ್ರ ತಿಳಿದಿದ್ದೆ. ಅದೇ ತಪ್ಪು ಓದುವಾಗ ಇಡೀ ಕಥೆಯನ್ನು ತಲೆಕೆಳಗು ಮಾಡುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು.

ಇನ್ನೊಂದು ವಿಷಯವೂ ಇದೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಕ್ರಿಯಾಪದದ ಬಾಲ ಯಾರು ಅಂತ ಹೇಳಿಬಿಡುತ್ತದೆ. ಬಂದ, ಬಂದಳು, ಬಂದಿತು, ಬಂದರು. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳುವುದಿಲ್ಲ. ಅಲ್ಲಿ ಭಾರವೆಲ್ಲ ಹಿ, ಶಿ, ಇಟ್, ದೇ ಮೇಲೆ. ಮಲ್ಲಿಯ ಕಣ್ಣು ಈ ಚಿಲ್ಲರೆ ಪದಗಳನ್ನು ಹಾರಿಸಿಕೊಂಡು ದಪ್ಪ ಪದಗಳ ಮೇಲೆ ಓಡುತ್ತಿತ್ತು. (ಮಲಯಾಳಂ ಮನೆಮಾತಿನ ಮಕ್ಕಳ ಪಾಡು ಬೇರೆ. ಅವರ ಭಾಷೆಯ ‘ವನ್ನು’ ಅವನಿಗೂ ಅವಳಿಗೂ ಅವರಿಗೂ ಒಂದೇ. ಅವರಿಗೆ ‘ಕೇಮ್’ ಹೊಸದಲ್ಲ.)

ಪೆನ್ಸಿಲ್ ಕೊಟ್ಟು ಪ್ರತಿ ಹಿ, ಶಿ, ಇಟ್, ದೇ, ದಿಸ್‌ನಿಂದ ಅದರ ಒಡೆಯನವರೆಗೆ ಒಂದು ಗೆರೆ ಎಳೆಯಲು ಹೇಳಿದೆ. ಮೊದಮೊದಲು ಪುಟ ಜೇಡರ ಬಲೆಯ ಹಾಗಿರುತ್ತಿತ್ತು. ‘ಇಟ್’ ಕೆಲವೊಮ್ಮೆ ಒಂದು ವಸ್ತುವಿಗಲ್ಲ, ಹಿಂದಿನ ಇಡೀ ಸಾಲಿಗೇ ಹೋಗುತ್ತದೆ ಅಂತ ಗೊತ್ತಾದ ದಿನ ಸಾಲಿಗೇ ಒಂದು ದೊಡ್ಡ ಸುತ್ತು ಹಾಕಿ ಗೆರೆ ಎಳೆದಳು.

ಬಾಲ ಕತ್ತರಿಸುವುದು

‘ಹೂ’, ‘ವಿಚ್’ ಬರುವ ಸಾಲುಗಳು ಇದಕ್ಕಿಂತ ಕಷ್ಟ. ‘ದಿ ಮ್ಯಾನ್ ಹೂ ಸೋಲ್ಡ್ ಪೆಪ್ಪರ್ ಟು ದಿ ಟ್ರೇಡರ್ ವೆಂಟ್ ಹೋಮ್.’ ಮನೆಗೆ ಹೋದದ್ದು ಯಾರು? ಮಲ್ಲಿ ಮಾತ್ರ ಅಲ್ಲ, ಅರ್ಧ ಕ್ಲಾಸು ‘ಟ್ರೇಡರ್’ ಅಂದಿತು. ಪಕ್ಕದಲ್ಲೇ ಕೂತಿದ್ದಾನಲ್ಲ! ಕನ್ನಡದಲ್ಲಿ ‘ವ್ಯಾಪಾರಿಗೆ ಮೆಣಸು ಮಾರಿದ ಆಳು ಮನೆಗೆ ಹೋದ’ ಅನ್ನುತ್ತೇವೆ. ವಿವರಣೆಯೆಲ್ಲ ಮೊದಲೇ ಮುಗಿದು, ಆಳು ಬಂದ ಕೂಡಲೇ ಅವನ ಕೆಲಸ ಬರುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯ ಮೊದಲು ಬರುತ್ತಾನೆ, ಅವನ ಹಿಂದೆ ಉದ್ದ ಬಾಲ. ಬಾಲ ದಾಟಿದ ಮೇಲೆ ಅವನು ಮಾಡಿದ ಕೆಲಸ.

“ಬಾಲಕ್ಕೆ ಕಂಸ ಹಾಕು, ಬಾಲ ಬಿಟ್ಟು ಓದು” ಅಂದೆ. ದಿ ಮ್ಯಾನ್ ವೆಂಟ್ ಹೋಮ್. ಅಷ್ಟೇ. ಇದಕ್ಕೆ ರಿಲೇಟಿವ್ ಕ್ಲಾಜ್ ಅಂತ ಹೆಸರು ಅಂತ ಹೇಳಿದ್ದು ಮೂರು ವಾರ ಕಳೆದ ಮೇಲೆ. ಹೆಸರು ಮೊದಲೇ ಹೇಳಿದ್ದರೆ ಅವಳು ಹೆಸರನ್ನು ಬಾಯಿಪಾಠ ಮಾಡಿಬಿಡುತ್ತಿದ್ದಳು.

ಗೃಹಲಕ್ಷ್ಮಿ ಮೆಸೇಜ್

ಪ್ಯಾಸಿವ್ ವಾಯ್ಸಿನಲ್ಲಿ ಮಲ್ಲಿ ವರ್ಕ್‌ಬುಕ್ಕಿನ ರಾಣಿ. ಯಾವ ಸಾಲು ಕೊಟ್ಟರೂ ತಿರುಗಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಬಂದು, “ಟೀಚರ್, ಅಮ್ಮನ ಫೋನಲ್ಲಿ ಗ್ರಾಮರ್ ತಪ್ಪಿದೆ” ಅಂದಳು.

ಕೇಳಿದಾಗ ವಿಷಯ ಗೊತ್ತಾಯಿತು. ಲೈನಿನ ಹೆಂಗಸರಿಗೆಲ್ಲ ಬ್ಯಾಂಕಿನ ಮೆಸೇಜ್ ಓದಿ ಹೇಳುವವಳು ಇವಳೇ. ಗೃಹಲಕ್ಷ್ಮಿಯ 2000 ರೂಪಾಯಿ ಬಂತಾ ಇಲ್ಲವಾ ಅನ್ನುವುದು ಅಲ್ಲಿನ ದೊಡ್ಡ ಪ್ರಶ್ನೆ. ಅಮ್ಮನಿಗೆ ಬಂದ ಮೆಸೇಜಿನಲ್ಲಿ ‘ಕ್ರೆಡಿಟೆಡ್ ಬೈ ರುಪೀಸ್ 2000’ ಅಂತ ಇತ್ತು. ನಾನು ಕಲಿಸಿದ್ದು: ಪ್ಯಾಸಿವ್ ಸಾಲಿನಲ್ಲಿ ‘ಬೈ’ ಆದ ಮೇಲೆ ಬರುವವರು ಕೆಲಸ ಮಾಡಿದವರು. “ಎರಡು ಸಾವಿರ ರೂಪಾಯಿ ಹೇಗೆ ಟೀಚರ್ ಕ್ರೆಡಿಟ್ ಮಾಡುತ್ತೆ?”

ನನಗೆ ನಗು ಬಂತು, ಆಮೇಲೆ ಖುಷಿಯಾಯಿತು. ಅರ್ಥಕ್ಕೂ ನಿಯಮಕ್ಕೂ ಜಗಳ ಬಿದ್ದಾಗ ಅವಳು ಅರ್ಥದ ಪರ ನಿಂತದ್ದು ಅದೇ ಮೊದಲು. ಎರಡು ತಿಂಗಳ ಹಿಂದಿನ ಮಲ್ಲಿಯಾಗಿದ್ದರೆ ‘ರೂಪಾಯಿ ಕ್ರೆಡಿಟ್ ಮಾಡಿತು’ ಅಂತ ತಣ್ಣಗೆ ಬರೆದಿರುತ್ತಿದ್ದಳು.

ಆ ಇಪ್ಪತ್ತು ನಿಮಿಷ ಮೆಸೇಜಿಗೇ ಹೋಯಿತು. ಇಲ್ಲಿ ‘ಬೈ’ ಎಷ್ಟು ಅಂತ ಹೇಳುತ್ತಿದೆ, ಯಾರು ಅಂತ ಅಲ್ಲ. ಹಾಗಾದರೆ ಯಾರು ಹಾಕಿದ್ದು? ಮೆಸೇಜ್ ಹೇಳುವುದೇ ಇಲ್ಲ. ಯಾಕೆ ಹೇಳುವುದಿಲ್ಲ? ಓದುವವರಿಗೆ ಬೇಕಾದ್ದು ದುಡ್ಡು ಬಂತು ಅನ್ನುವುದು, ಹಾಕಿದವರ ಹೆಸರಲ್ಲ. ಅವಳು ಓದುವ ಪೇಪರಿನಲ್ಲೂ ಇದೇ ಇದೆ: ‘ಶಾಲೆಗಳಿಗೆ ರಜೆ ಘೋಷಿಸಲಾಗಿದೆ’, ‘ಆರೋಪಿಯನ್ನು ಬಂಧಿಸಲಾಗಿದೆ.’ ಮಾಡಿದವರನ್ನು ಮರೆಯಲ್ಲಿಡುವ ಮಾತು. “ಹಾಗಾದ್ರೆ ಪ್ಯಾಸಿವ್ ಅಂದ್ರೆ ಲಾಗಿದೆ” ಅಂದಳು. ಪೂರ್ತಿ ಸರಿಯಲ್ಲ. ‘ಲಾಗಿದೆ’ ಬಂದಲ್ಲಿ ‘ಪೊಲೀಸರಿಂದ’ ಅಂತ ಸೇರಿಸಿದರೆ ಕನ್ನಡ ಎಡವುತ್ತದೆ, ಇಂಗ್ಲಿಷ್ ಎಡವುವುದಿಲ್ಲ. ಆದರೂ ನಾನು ತಿದ್ದಲಿಲ್ಲ. ವರ್ಕ್‌ಬುಕ್ಕಿನಲ್ಲಿ ನೂರು ಸಾಲು ತಿರುಗಿಸಿದವಳಿಗೆ ಈ ವಾಯ್ಸ್ ಯಾಕೆ ಇದೆ ಅನ್ನುವುದು ಅವತ್ತು ಗೊತ್ತಾಗಿತ್ತು.

ಅಲ್ಲಿಂದ ಗ್ರಾಮರಿಗೆ ಬೇರೆ ಪುಸ್ತಕ ತೆರೆಯುವುದನ್ನು ನಿಲ್ಲಿಸಿದೆವು. ಓದಿದ ಪ್ಯಾಸೇಜಿನಿಂದಲೇ ಎರಡು ಸಾಲು ತೆಗೆದು ತಿರುಗಿಸಿ, ಅರ್ಥ ಬದಲಾಯಿತಾ ಅಂತ ನೋಡುವುದು. ಇನ್ನೊಬ್ಬರ ಮಾತನ್ನು ಹೇಳುವ ರಿಪೋರ್ಟೆಡ್ ಸ್ಪೀಚ್ ಮಾತ್ರ ಸತಾಯಿಸಿತು. ಕನ್ನಡದಲ್ಲಿ ‘ನಾನು ಬರ್ತೀನಿ ಅಂತ ಹೇಳಿದ’ ಅಂದರೆ ಸಾಕು. ಆಡಿದ ಮಾತು ಹಾಗೇ ಇರುತ್ತದೆ, ‘ಅಂತ’ ಒಂದು ಅಂಟು. ಇಂಗ್ಲಿಷಿನಲ್ಲಿ ನಾನು ಅವನಾಗಬೇಕು, ವಿಲ್ ವುಡ್ ಆಗಬೇಕು. ಇದಕ್ಕೆ ನನಗೆ ಒಳ್ಳೆ ಉಪಾಯ ಸಿಗಲಿಲ್ಲ. ಹಳೇ ಪದ್ಧತಿಯಲ್ಲೇ ತಿದ್ದಿ ತಿದ್ದಿ ಕಲಿಸಿದೆ.

ಕೊಯ್ಲು, ಮತ್ತು ಒಂದು ಎಡವಟ್ಟು

ಹುತ್ತರಿ ಹಬ್ಬ ಮುಗಿಯಿತು, ರೋಬಸ್ಟಾ ಕಾಫಿಯ ಕೊಯ್ಲು ಬಂತು. ಕೆ.ಜಿ. ಲೆಕ್ಕದ ಕೂಲಿ, ಹಾಗಾಗಿ ಕೈ ಎಷ್ಟಿದ್ದರೂ ಬೇಕು. ಅಮ್ಮ ಬೆಳಗಾಗುವ ಮುಂಚೆ ಹೊರಡುತ್ತಿದ್ದರು. ತಮ್ಮನನ್ನು ನೋಡಿಕೊಳ್ಳುವುದು, ಅಡುಗೆ, ಭಾನುವಾರ ತೋಟ, ಎಲ್ಲ ಮಲ್ಲಿಯ ಪಾಲಿಗೆ. ಶಾಲೆಗೆ ಬಂದ ದಿನವೂ ಮಧ್ಯಾಹ್ನ ಬೆಂಚಿಗೆ ತಲೆ ಇಡುತ್ತಿದ್ದಳು. ಸುಮಾರು ಐದು ವಾರ ಅಭ್ಯಾಸ ನಿಂತೇ ಹೋಯಿತು. ನಾನು ಅಮ್ಮನ ಜೊತೆ ಮಾತಾಡಿದೆ. “ಟೀಚರೇ, ನಂಗೂ ಗೊತ್ತು. ಈ ಎರಡು ತಿಂಗಳು ಬಿಟ್ರೆ ನಮಗೆ ವರ್ಷ ಇಲ್ಲ” ಅಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ವಿಶೇಷ ತರಗತಿಗೆ ಕಡ್ಡಾಯವಾಗಿ ಕಳಿಸಿ ಅಂತ ಹೇಳಲು ಹೋದವಳು ಹೇಳದೆ ಬಂದೆ. ಈಗಲೂ ಅದು ಸರಿಯಾದ ತೀರ್ಮಾನವೇ ಅಂತ ನನಗೆ ಅನ್ನಿಸುತ್ತದೆ. ಹೆಡ್‌ಮಾಸ್ಟರಿಗೆ ಹಾಗೆ ಅನ್ನಿಸಲಿಲ್ಲ.

ಮತ್ತೆ ಕೂತಾಗ ಒಂದು ಕುತೂಹಲದ ವಿಷಯ ಕಂಡಿತು. ರಿಪೋರ್ಟೆಡ್ ಸ್ಪೀಚಿನ ನಿಯಮಗಳು ಬಹುತೇಕ ಮರೆತುಹೋಗಿದ್ದವು. ಓದಿ ಸುದ್ದಿ ಹೇಳುವುದು ಹಾಗೇ ಇತ್ತು.

ಎಡವಟ್ಟಾದದ್ದು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಪ್ಯಾಸೇಜಿಗೆ 4ಕ್ಕೆ 4. ಈ ಸಲದ್ದು ಟಿಮರಿ ಅಲ್ಲ, ನಾನೇ ಕೇಳಿ ನೋಡಿದೆ. ಆದರೆ ಪತ್ರ ಅರ್ಧಕ್ಕೆ ನಿಂತಿತ್ತು, ಪ್ರಬಂಧ ಇರಲೇ ಇಲ್ಲ. ಪ್ರಶ್ನೆಪತ್ರಿಕೆ ತೆರೆದು ನೋಡಿದರೆ ಪ್ಯಾಸೇಜಿನ ತುಂಬ ಜೇಡರ ಬಲೆ. ಪ್ರತಿ ‘ಹಿ’ಗೂ ಗೆರೆ, ಪ್ರತಿ ಬಾಲಕ್ಕೂ ಕಂಸ. ನಾಲ್ಕು ಅಂಕಕ್ಕೆ ಅರ್ಧ ಗಂಟೆ. ಊರುಗೋಲು ಕೊಟ್ಟವಳು ಅದನ್ನು ಯಾವಾಗ ಬಿಡಬೇಕು ಅಂತ ಹೇಳಿರಲಿಲ್ಲ.

ಉಳಿದದ್ದು ಮೂರೂವರೆ ವಾರ. ಸಹೋದ್ಯೋಗಿಯೊಬ್ಬರು, ಪ್ರಶ್ನೆ ಮೊದಲು ಓದಿ ಆಮೇಲೆ ಪ್ಯಾಸೇಜ್ ಓದಲಿ, ಹೊತ್ತು ಉಳಿಯುತ್ತದೆ ಅಂದರು. ಒಳ್ಳೆಯ ಸಲಹೆಯೇ, ಬಹಳ ಮಕ್ಕಳಿಗೆ ನಾನೂ ಅದನ್ನೇ ಹೇಳುತ್ತೇನೆ. ಮಲ್ಲಿಗೆ ಬೇಡ ಅಂದೆ. ಪ್ರಶ್ನೆ ಕಣ್ಣಿಗೆ ಬಿದ್ದ ಕೂಡಲೇ ಅವಳ ಬೆರಳು ಮತ್ತೆ ಪದ ಹುಡುಕಲು ಹೊರಡುತ್ತಿತ್ತು. ಅವಳಿಗೆ ಬೇರೆ ನಿಯಮ ಮಾಡಿದೆವು: ಪೆನ್ಸಿಲ್ ಕೆಳಗೆ ಇಟ್ಟು ಒಂದೇ ಸಲ ಪೂರ್ತಿ ಓದು. ಎಲ್ಲಿ ಕಥೆ ತಪ್ಪಿತು ಅನ್ನಿಸುತ್ತದೋ ಅಲ್ಲಿ ಮಾತ್ರ ಗೆರೆ. ಒಟ್ಟು ಹತ್ತು ನಿಮಿಷ, ಬೋರ್ಡಿನ ಮೇಲಿನ ಗಡಿಯಾರ ನೋಡಿಕೊಂಡು. ಮೊದಲ ಮೂರು ಸಲ ಕಣ್ಣಲ್ಲಿ ನೀರು. ನಾಲ್ಕನೇ ಸಲ ಒಂಬತ್ತು ನಿಮಿಷ.

ಏನಾಯಿತು

2025ರ ಮಾರ್ಚಿನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1 ಬರೆದಳು. ಇಂಗ್ಲಿಷಿನಲ್ಲಿ 64 ಬಂತು. ಶಾಲೆಯಲ್ಲಿ ಅದಕ್ಕಿಂತ ಜಾಸ್ತಿ ತೆಗೆದವರು ಬೇಕಾದಷ್ಟು ಜನ ಇದ್ದರು. ಗೈಡ್ ಪೂರ್ತಿ ನುಂಗಿದ ಒಬ್ಬ ಹುಡುಗನಿಗೆ 78. ಹಾಗಾಗಿ ಈ ಪದ್ಧತಿಯಿಂದ ಅಂಕ ಬಾಚಬಹುದು ಅಂತ ನಾನು ಹೇಳಲಾರೆ. ಎ, ಆ್ಯನ್, ದಿ ವಿಷಯದಲ್ಲಿ ಮಲ್ಲಿ ಎಂಟನೇ ಕ್ಲಾಸಿನಲ್ಲಿ ಎಲ್ಲಿದ್ದಳೋ ಅಲ್ಲೇ ಇದ್ದಾಳೆ. ಕನ್ನಡದಲ್ಲಿ ಇಲ್ಲದ್ದು ಅದು, ಓದುವಾಗ ಹಾರಿಸಿದರೂ ಕಥೆ ಹೆಚ್ಚಾಗಿ ಕೆಡುವುದಿಲ್ಲ. ಬರೆಯುವಾಗ ಮಾತ್ರ ಕಾಡುತ್ತದೆ. ಓದಿನಿಂದ ಅದು ತಾನಾಗಿ ಬರುತ್ತದೆ ಅಂತ ನಾನು ನಂಬಿದ್ದೆ. ಒಂದು ವರ್ಷದಲ್ಲಿ ಬರಲಿಲ್ಲ.

ಇನ್ನೊಮ್ಮೆ ಮಾಡುವುದಾದರೆ ಏನು ಬದಲಿಸುತ್ತೇನೆ ಅಂತ ಬಹಳ ಸಲ ಯೋಚಿಸಿದ್ದೇನೆ. ಆ ವರಾಂಡದ ಪ್ರಶ್ನೆಯನ್ನು ಮೊದಲ ವಾರವೇ, ಎಲ್ಲ ಮಕ್ಕಳಿಗೂ ಕೇಳುತ್ತೇನೆ. ಉತ್ತರ ಸರಿಯಿದ್ದವರಿಗೂ. ಅದಕ್ಕಿಂತ ಮುಖ್ಯವಾಗಿ, ಎಂಟನೇ ಕ್ಲಾಸಿನಲ್ಲಿ ಆ ಪದ ಹುಡುಕುವ ಉಪಾಯವನ್ನು ಹೇಳಿಕೊಡುವುದನ್ನು ನಿಲ್ಲಿಸಿದ್ದೇನೆ. ಹತ್ತನೇ ಕ್ಲಾಸಿನ ಕೊನೆಗೆ ನಿಜವಾಗಿ ಮುಳುಗುತ್ತಿರುವವರಿಗೆ ಮಾತ್ರ ಹೇಳುತ್ತೇನೆ, ಅದು ತೆಪ್ಪ, ದೋಣಿಯಲ್ಲ ಅಂತ ಹೇಳಿಯೇ. ‘ದೇ’ ತಪ್ಪನ್ನು ಕೆಂಪು ಪೆನ್ನಿನಲ್ಲಿ ಹೊಡೆಯುವ ಮುಂಚೆ, ಇದು ಮರ್ಯಾದೆಯ ‘ಅವರು’ ಇರಬಹುದಾ ಅಂತ ಮಗುವನ್ನೇ ಕೇಳುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಹೌದು ಅಂತಲೇ ಬರುತ್ತದೆ.

ಮಲ್ಲಿಯ ವಿಷಯದಲ್ಲಿ ಇದೆಲ್ಲ ಫಲ ಕೊಟ್ಟದ್ದಕ್ಕೆ ಒಂದು ಕಾರಣವನ್ನು ಮರೆಯಬಾರದು. ಅವಳಿಗೆ ಕನ್ನಡ ಓದುವುದು ಚೆನ್ನಾಗಿ ಬರುತ್ತಿತ್ತು. ಓದು ಅಂದರೆ ಏನು ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಇಂಗ್ಲಿಷ್ ಪುಟ ತೆರೆದಾಗ ಅದನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದಳು ಅಷ್ಟೇ. ಟಿಮರಿ ಮಾಡಿದ್ದು ಅದನ್ನು ಒಳಗೆ ಕರೆಯುವ ಕೆಲಸ.

ಈ ವರ್ಷದ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದಾನೆ. ಅವನಿಗೂ ಗ್ರಾಮರಿನಲ್ಲಿ ಒಳ್ಳೆ ಅಂಕ, ಪ್ಯಾಸೇಜ್ ಯಾವುದರ ಬಗ್ಗೆ ಅಂದರೆ ಗೊತ್ತಿಲ್ಲ. ಭಾರೀ ಹುಮ್ಮಸ್ಸಿನಿಂದ ಟಿಮರಿ ಪ್ಯಾಸೇಜ್ ಕೊಟ್ಟೆ. ಮೂರೂ ಪ್ರಶ್ನೆಗೆ ಸರಿಯಾಗಿ ಉತ್ತರ ಬರೆದ. ನಾಲ್ಕನೆಯದನ್ನು ಕೇಳಿದೆ. ನಗಲಿಲ್ಲ, ತಡವರಿಸಲೂ ಇಲ್ಲ. “ಒಳ್ಳೇದು ಟೀಚರ್” ಅಂದ. ಅವನಿಗೆ ಕನ್ನಡದಲ್ಲೂ ಟಿಮರಿಗಳ ನಡುವೆಯೇ ಓಡಾಡಿ ಅಭ್ಯಾಸ. ಅವನ ಜೊತೆ ಸದ್ಯಕ್ಕೆ ಇಂಗ್ಲಿಷ್ ಬಿಟ್ಟು, ಕನ್ನಡ ಪೇಪರಿನ ಹವಾಮಾನದ ಸುದ್ದಿ ಓದುತ್ತಿದ್ದೇನೆ. ನಾಳೆ ಮಳೆ ಬರುತ್ತಾ, ಶಾಲೆಗೆ ರಜೆ ಕೊಡ್ತಾರಾ ಅನ್ನುವುದನ್ನು ಓದಿ ಅವನೇ ಹೇಳಬೇಕು. ಮೊನ್ನೆ ರಜೆ ಇದೆ ಅಂದ. ಇರಲಿಲ್ಲ, ಇಬ್ಬರೂ ನೆನೆದುಕೊಂಡು ಬಂದೆವು.